ಖುರ್ಚಿಯ ಕಡೆಯ ಎರಡು ಗಾಲಿ

ಶುಕ್ರವಾರ ಸಂಜೆ ಬಾಲ್ಕನಿಯಲ್ಲಿ ಕೂತು ಮೊಮ್ಮಗಳ ಬಿಳಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದೆ. ಶನಿವಾರ ಅವಳಿಗೆ ಶಾಲೆಯಲ್ಲಿ ಡ್ರಿಲ್. ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಹಸಿ ಸುಣ್ಣಕ್ಕೂ ಅಂಟಿಗೂ ನಡುವಿನ ಒಂದು ವಾಸನೆ ಮೂಗಿಗೆ ಬಡಿಯಿತು. ಹಳೆಯ ವಾಸನೆ. ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷ ದಿನಾ ಬೆಳಿಗ್ಗೆ ಈ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಾಕು ಗಾಲಿಗೆ ಕೂತರು ಅಂತ ನಾನು ಚಹಾಕ್ಕೆ ಇಡುತ್ತಿದ್ದೆ...

ಕಾಕು ಅಂದರೆ ಚಿಕ್ಕಮ್ಮ. ನನ್ನ ಸ್ವಂತ ಕಾಕು ಅಲ್ಲ, ನಮ್ಮ ಮನೆ ಮಾಲಕರ ಹೆಂಡತಿ. ಮದುವೆಯಾಗಿ ರಾಯಚೂರಿನಿಂದ ಹೈದರಾಬಾದಿಗೆ ಬಂದಾಗ ನನಗೆ ತೆಲುಗು ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ನನ್ನವರಿಗೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸ. ಕನ್ನಡ ಮಾತಾಡುವ ಮನೆಯೇ ಬೇಕು ಅಂತ ಹುಡುಕಿ ಹುಡುಕಿ ತಾರ್ನಾಕದಲ್ಲಿ ಈ ಮನೆಯ ಹಿಂದಿನ ಎರಡು ಕೋಣೆ ಹಿಡಿದಿದ್ದರು. ಮೊದಲ ದಿನವೇ ಆಕೆ ಬಾಗಿಲಲ್ಲಿ ನಿಂತು, "ಏನ್ ತಂಗಿ, ಇಷ್ಟ ಸಣ್ಣಾಕಿ ಇದ್ದೀ, ಒಲಿ ಹಚ್ಚಾಕರೆ ಬರ್ತೈತೋ ಇಲ್ಲೋ?" ಅಂದರು. ನನಗೆ ಸಿಟ್ಟು ಬಂತು. ಮಧ್ಯಾಹ್ನ ಅವರೇ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟಾಗ ಸಿಟ್ಟು ಇಳಿಯಿತು. ಅವರು ಕಾಕು, ಅವರ ಯಜಮಾನರು ಕಾಕಾ. ಅಷ್ಟೇ. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ, ಕರೆಯುವ ಧೈರ್ಯವೂ ಇರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಇದ್ದದ್ದು ಒಂದು ಕಾರು.

ಆ ಕಾರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾಕಾ ಸರ್ಕಾರಿ ಇಂಜಿನಿಯರಾಗಿದ್ದಾಗ, ಹಳೇ ಶಹರದ ಯಾವುದೋ ದೇವಡಿ ಬಂಗಲೆಯ ನವಾಬರ ಮನೆಯವರು ಸಾಮಾನೆಲ್ಲ ಮಾರುವ ಕಾಲಕ್ಕೆ ಅದನ್ನು ತೆಗೆದುಕೊಂಡಿದ್ದರಂತೆ. ಅಮೆರಿಕದ ಗಾಡಿ, ದೋಣಿಯಷ್ಟು ಉದ್ದ, ಆಕಾಶದ ಬಣ್ಣ. ಎಲ್ಲಕ್ಕಿಂತ ಕಣ್ಣಿಗೆ ಬೀಳುತ್ತಿದ್ದದ್ದು ಅದರ ಗಾಲಿ. ಕರಿ ಟಾಯರಿನ ಮೇಲೆ ಅಂಗೈ ಅಗಲದ ಬಿಳಿ ಪಟ್ಟಿ, ಸುತ್ತಲೂ. ನಮ್ಮೂರಲ್ಲಿ ನಾನು ಟಾಯರೆಂದರೆ ಕರಿ ಅಂತಲೇ ತಿಳಿದವಳು. ಮೊದಲ ಸಲ ನೋಡಿದಾಗ, ಯಾರೋ ಸುಣ್ಣ ಬಳಿದಿದ್ದಾರೆ ಅಂದುಕೊಂಡು ಹಾಗೇ ಕೇಳಿಬಿಟ್ಟೆ. ಕಾಕಾ ನಕ್ಕರು. "ಬಳದದ್ದಲ್ಲವಾ, ಅದು ರಬ್ಬರಿನ ಬಿಳುಪು. ತೊಳದು ಉಳಿಸ್ಕೋಬೇಕು. ಬಳದ್ರ ಅದು ಸುಳ್ಳು."

ಆಯಿತವಾರ ಅವರ ಗಾಲಿ ಜಳಕದ ದಿನ. ಬಕೆಟ್ಟು, ಬಟ್ಟೆ ಒಗೆಯುವ ಸಬ್ಬು, ಹಲ್ಲುಜ್ಜಿ ಸವೆದ ಹಳೆಯ ಬ್ರಷ್ಷು, ಒಂದು ಮೃದು ಬಟ್ಟೆ. ಮೊದಲು ನೀರು ಹಾಕಿ ಧೂಳು ಇಳಿಸಬೇಕು. ಒಣ ಧೂಳಿನ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ. ಪಟ್ಟಿ ಹೋದ ಹಾಗೇ ಬ್ರಷ್ಷೂ ಸುತ್ತು ಹೋಗಬೇಕು, ಅಡ್ಡ ಉಜ್ಜಬಾರದು. ಟಾಯರಿನ ಕರಿ ಬಿಳಿಯ ಕಡೆಗೆ ಹರಿದು ಕಂದು ಕಲೆ ಮಾಡುತ್ತದಂತೆ. ಅದು ಬರುತ್ತಲೇ ಇರುತ್ತದೆ, ನಾವು ತೆಗೆಯುತ್ತಲೇ ಇರಬೇಕು ಅನ್ನುತ್ತಿದ್ದರು. ಫುಟ್‌ಪಾತಿನ ಕಲ್ಲಿಗೆ ಗಾಲಿ ತಾಗೀತೆಂದು ಅವರು ಕಾರನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಬಸ್ಸಿನವರ ಕೈಲಿ ಬೈಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಕಾಕುಗೆ ಇದೆಲ್ಲ ಕಂಡರೆ ಉರಿ. "ಈ ಮನ್ಯಾಗ ನನಗಿಂತ ಗಾಲಿಗೆ ಉಪಚಾರ ಹೆಚ್ಚವಾ. ನಾಳೆ ನಾ ಸತ್ತರ, ಈ ಮನಶ್ಯಾ ಮದ್ಲ ಗಾಲಿ ತೊಳದು ಆಮ್ಯಾಲೆ ನನ್ನ ನೋಡಾಕ ಬರ್ತಾರ," ಅಂತ ಅವರಿಗೆ ಕೇಳಲಿ ಎಂದೇ ನನ್ನ ಮುಂದೆ ಹೇಳುತ್ತಿದ್ದರು. ಕಾಕಾ ಕೇಳಿಯೂ ಕೇಳದವರಂತೆ ಬ್ರಷ್ಷು ಆಡಿಸುತ್ತಿದ್ದರು. ಜಗಳ ಅನ್ನುವ ಹಾಗಿರಲಿಲ್ಲ. ಒಗ್ಗರಣೆಯ ಸದ್ದಿನ ಹಾಗೆ ದಿನವೂ ಇದ್ದೇ ಇರುವ ಸದ್ದು ಅದು.

ಆ ವರ್ಷ ಮಳೆ ಜೋರು. ಅವರ ಅಡುಗೆಮನೆಯ ಮಾಳಿಗೆ ಸೋರತೊಡಗಿತು. ಕಾಕು ಒಲೆಯ ಪಕ್ಕ ಒಂದು ಕೊಳಗ, ಹಿಟ್ಟಿನ ಡಬ್ಬಿಯ ಮೇಲೆ ಒಂದು ತಾಟು ಇಟ್ಟು ಅಡುಗೆ ಮಾಡುತ್ತಿದ್ದರು. ಕಾಕಾನ ಪೆನ್ಶನ್ನಿನಲ್ಲಿ ಮಾಳಿಗೆ ರಿಪೇರಿಯೂ ಪೆಟ್ರೋಲೂ ಎರಡೂ ಆಗುವ ಮಾತಲ್ಲ. ಒಂದು ಸಂಜೆ ಹಿಟ್ಟೆಲ್ಲ ತೋಯ್ದು ಮುದ್ದೆಯಾದಾಗ ಕಾಕುವಿನ ಸಹನೆ ಮುಗಿಯಿತು. ಗೋಡೆಯ ಆಚೆ ನಮಗೆ ಪ್ರತಿ ಮಾತೂ ಕೇಳಿಸಿತು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು! ತಲಿ ಮ್ಯಾಲೆ ಸೋರಾಕತ್ತೈತಿ, ನೀವು ಗಾಲಿ ಒರಸ್ಕೋತ ಕುಂದರ್ರಿ. ಮಾರಿಬಿಡ್ರಿ ಆ ಹೆಣಾನ!"

ಹೆಣ ಅನ್ನುವ ಮಾತಿಗೆ ನನ್ನವರೂ ನಾನೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಕಾಕಾನ ದನಿ, ಸಿಟ್ಟಿಲ್ಲದ್ದು, "ಆತು. ಮಾರೋಣು."

ಅಷ್ಟೇ ಅಂದದ್ದು. ಕೊಳ್ಳಲು ಬಯಸಿದ್ದ ಒಬ್ಬರಿಗೆ ಹೇಳಿಯೂ ಕಳಿಸಿದರು. ಅವರು ಬರುವ ದಿನ ಮುಂಜಾನೆ ಕಾಕಾ ಬಕೆಟ್ಟು ಹಿಡಿದು ಗಾಲಿಗೆ ಕೂತರು. ಕೊಡುವ ಮುಂಚೆ ಒಂದು ಸಲ ನೆಟ್ಟಗೆ ತೊಳೆದು ಕೊಡಬೇಕು ಅನ್ನಿಸಿರಬೇಕು. ಹೆಣ್ಣು ಮಗಳನ್ನು ಕಳಿಸುವಾಗ ತಲೆಗೆ ಎಣ್ಣೆ ಹಚ್ಚಿ ಎರೆದ ಹಾಗೆ. ಕಾಕು ಚಹಾ ತೆಗೆದುಕೊಂಡು ಹೋದರು. ಕಪ್ಪು ಬಿದ್ದ ಸದ್ದಿಗೆ ನಾನು ಓಡಿದೆ. ಕಾಕಾ ಮುಂದಿನ ಗಾಲಿಗೆ ಒರಗಿ ಕೂತಿದ್ದರು, ಬಾಯಿ ಒಂದು ಕಡೆ ಎಳೆದಿತ್ತು, ಬ್ರಷ್ಷು ಇನ್ನೂ ಕೈಯಲ್ಲಿತ್ತು. ಗಾಲಿಯ ಪಟ್ಟಿ ಅರ್ಧ ಬೆಳ್ಳಗೆ, ಅರ್ಧ ಕಂದು. ಸಬ್ಬಿನ ನೊರೆ ಆಗಲೇ ಒಣಗುತ್ತಿತ್ತು.

ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಹೋದವು. ಬುದ್ಧಿ ನೆಟ್ಟಗಿತ್ತು ಅಂತ ಡಾಕ್ಟರು ಹೇಳಿದರು. ಮಾತು ಮಾತ್ರ ಹೋಯಿತು. ಪೂರಾ ಹೋಗಿದ್ದರೆ ಒಂದು ಥರ. ಒಂದೇ ಒಂದು ಮಾತು ಉಳಿಯಿತು. "ಆತು."

ನಮ್ಮ ಕಡೆ ಈ ಮಾತಿಗೆ ಇಷ್ಟೇ ಅರ್ಥ ಅಂತಿಲ್ಲ. ಒಪ್ಪಿದರೂ ಆತು, ಮುಗಿದರೂ ಆತು, ಸಾಕಾದರೂ ಆತು, ಬೇಸತ್ತರೂ ಆತು ಬಿಡು. ಕಾಕಾ ನೀರು ಬೇಕಾದರೂ ಅದನ್ನೇ ಅನ್ನುತ್ತಿದ್ದರು, ಬೇಡವಾದರೂ ಅದನ್ನೇ. ನಾವು ದನಿ ನೋಡಿ, ಕಣ್ಣು ನೋಡಿ ತಿಳಿದುಕೊಳ್ಳಬೇಕು. ಬಂದವರೆಲ್ಲ, ಪಾಪ, ಅದೊಂದಾದರೂ ಉಳಿಯಿತಲ್ಲ ಅಂದರು. ಕಾಕು ಮಾತ್ರ ಆಸ್ಪತ್ರೆಯ ಗೋಡೆಗೆ ತಲೆ ಹಚ್ಚಿ ನಿಂತುಬಿಟ್ಟರು. "ಉಳದ ಮಾತೆಲ್ಲಾ ಹೋಗಿ ಅದೊಂದ ಯಾಕ ಉಳೀತು ತಂಗಿ? ಮಾರ್ರಿ ಅಂದಾಕಿ ನಾನು. ಆತು ಅಂದವರು ಅವರು. ಈಗ ಸಾಯೂತನಕ ಅದನ್ನ ಅಂತಾರ, ನಾ ಸಾಯೂತನಕ ಕೇಳಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತು ಹೋಗಲೇ ಇಲ್ಲ. ನಾನು ಏನೇನೋ ಸಮಾಧಾನ ಹೇಳಿದೆ. ಬಿ.ಪಿ. ಇತ್ತು ಕಾಕು, ವಯಸ್ಸಾಗಿತ್ತು ಕಾಕು. ಒಂದೂ ಆಕೆಗೆ ತಾಗಲಿಲ್ಲ. ಆಸ್ಪತ್ರೆಯಿಂದ ಬಟ್ಟೆ ತರಲು ಮನೆಗೆ ಬಂದವರು, ನೇರ ಕಾರಿನ ಹತ್ತಿರ ಹೋಗಿ, ಅರ್ಧ ಉಳಿದಿದ್ದ ಆ ಗಾಲಿಯನ್ನು ಉಜ್ಜಿ ಪೂರಾ ಮಾಡಿಯೇ ಒಳಗೆ ಹೋದದ್ದು.

ಇನ್ನು ಔಷಧ, ಮಾಲೀಶಿನವನು, ಮೇಲಿಂದ ಸೋರುವ ಮಾಳಿಗೆ. ಕೊಳ್ಳಲು ಬಂದವರನ್ನು ಅಂದು ಹಾಗೇ ವಾಪಸ್ ಕಳಿಸಿದ್ದೆವು. ಕಾರು ಮಾರಿದರೆ ಎಲ್ಲಕ್ಕೂ ಆಗುತ್ತಿತ್ತು. ಆದರೆ ಕಾಕಾ ಮನೆಗೆ ಬಂದ ಕೂಡಲೇ ಮೊದಲು ಹುಡುಕುವುದು ಅದನ್ನೇ. ಮನಸ್ಸಿಗೆ ಆಘಾತ ಆಗಬಾರದು ಅಂತ ಡಾಕ್ಟರು ಬೇರೆ ಹೆದರಿಸಿದ್ದರು. ಕಾಕು ದಿಕ್ಕು ತೋಚದೆ, ಮೊದಲಿನಿಂದ ಆ ಕಾರು ನೋಡಿಕೊಳ್ಳುತ್ತಿದ್ದ ನಾಂಪಲ್ಲಿಯ ಮಿಸ್ತ್ರಿಯನ್ನು ಕರೆಸಿದರು. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಗಡ್ಡ ಕೆರೆದುಕೊಂಡು, "ಪರೇಶಾನ್ ನಕ್ಕೊ ಹೋವ್ ಅಮ್ಮಾ," ಅಂದ, ಚಿಂತೆ ಬೇಡ ಅಂತ. ಕಾಣುವುದನ್ನು ಬಿಡೋಣ, ಕಾಣದ್ದನ್ನು ಮಾರೋಣ ಅನ್ನುವುದು ಅವನ ಉಪಾಯ. ಬಾನೆಟ್ಟು ಎತ್ತಿ ಇಂಜಿನ್ ಇಳಿಸಿದ. ಮದುವೆಗೆ ಕಾರು ಬಾಡಿಗೆ ಕೊಡುವವರೊಬ್ಬರಿಗೆ ಅಂಥವೇ ಬಿಳಿ ಪಟ್ಟಿಯ ಗಾಲಿ ಬೇಕಿದ್ದವು. ಕಂಪೌಂಡಿನ ಕಡೆಗಿದ್ದ ಎರಡು ಗಾಲಿ ಬಿಚ್ಚಿ, ಆ ಜಾಗದಲ್ಲಿ ಇಟ್ಟಂಗಿ ಜೋಡಿಸಿ ಕಾರನ್ನು ಕೂಡಿಸಿದ. ಕಾಕಾ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾಳಿಗೆಯೂ ಸೋರುವುದು ನಿಂತಿತು.

ಆ ಅಂಗಳ ಸಪಾಟಾಗಿರಲಿಲ್ಲ. ಗೇಟಿನ ಕಡೆ ಒಂದು ದೊಡ್ಡ ಚಪ್ಪಟೆ ಬಂಡೆ. ಮನೆ ಕಟ್ಟುವಾಗ ಒಡೆಸಲು ಆಗದೆ ಹಾಗೇ ಬಿಟ್ಟದ್ದು. ಕಾರು ಯಾವಾಗಲೂ ಆ ಬಂಡೆಯ ಮೇಲೇ, ಒಂದು ಮಗ್ಗಲು ಮನೆಗೆ, ಇನ್ನೊಂದು ಮಗ್ಗಲು ಕಂಪೌಂಡಿಗೆ. ಮನೆ ಇಳಿಜಾರಿನಲ್ಲಿ, ವರಾಂಡ ನೆಲಕ್ಕೆ ಸಮ. ಕಾಕು ವರಾಂಡದಲ್ಲಿ ಕಾಕಾನ ಆರಾಮ ಖುರ್ಚಿ ಹಾಕಿಸಿದರು. ಜಮಖಾನೆ ಬಟ್ಟೆಯ, ಕಾಲು ಚಾಚಿ ಒರಗುವ, ತಗ್ಗಿನ ಖುರ್ಚಿ. ಅದರ ಪಕ್ಕ ನಿಂತು ಕಾರಿನ ಕಡೆ ನೋಡಿ, "ಆ ಕಡೀದೇನರೆ ಕಾಣಸ್ತೈತೇನ್ ನೋಡು ತಂಗಿ," ಅಂದರು. ನಾನೂ ಹೋಗಿ ಅವರ ಪಕ್ಕ ನಿಂತೆ. ನಮ್ಮ ಕಡೆಯ ಎರಡು ಗಾಲಿ ಮಲ್ಲಿಗೆಯಷ್ಟು ಬೆಳ್ಳಗೆ. ಅದರ ಮೇಲೆ ನೀಲಿ ಬಾಗಿಲು. ಅದರಾಚೆ ಕಾಗದದ ಹೂವಿನ ಬಳ್ಳಿ. "ಏನೂ ಕಾಣಂಗಿಲ್ರಿ," ಅಂದೆ. ಎಷ್ಟು ಖಾತ್ರಿಯಿಂದ ಹೇಳಿದೆ!

ಅಂದಿನಿಂದ ಕಾಕುವಿನ ದಿನಚರಿ ಶುರು. ಕಾಕಾನನ್ನು ಖುರ್ಚಿಯಲ್ಲಿ ಕೂಡಿಸುವ ಮೊದಲೇ ಗಾಲಿ ಆಗಬೇಕು. ಆಯಿತವಾರಕ್ಕೊಮ್ಮೆ ಅಲ್ಲ, ದಿನಾ. ಮೊದಮೊದಲು ಆಕೆ ಹಿತ್ತಾಳೆ ಪಾತ್ರೆಗೆ ಮಾಡಿದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿ, ಪಟ್ಟಿ ಇನ್ನಷ್ಟು ಕಂದಾಯಿತು. ಆಮೇಲೆ ಕಾಕಾನ ರೀತಿ ನೆನಪು ಮಾಡಿಕೊಂಡು ಸಬ್ಬು, ಬ್ರಷ್ಷು, ಸುತ್ತು ಸುತ್ತು. ಆದರೆ ಓಡದ ಗಾಡಿಯ ರಬ್ಬರು ಒಂದೇ ಕಡೆ ಭಾರ ಹೊತ್ತು ಬಿರಿಯುತ್ತದೆ, ಹಳದಿ ಬೀಳುತ್ತದೆ. ತೊಳೆದು ಬರುವ ಬಿಳುಪು ಕಡಿಮೆಯಾಯಿತು. ಒಂದು ದಿನ ಆಕೆ ಶಾಲೆ ಮಕ್ಕಳ ಬೂಟಿನ ಬಿಳಿ ಪಾಲಿಶ್ ತರಿಸಿದರು. ಬಳಿಯುವಾಗ ನನ್ನ ಮುಖ ನೋಡದೆ, "ಬಳದ್ರ ಸುಳ್ಳು ಅಂತಿದ್ರು. ಆಗ್ಲಿ. ಪಾಪ ನನ್ನ ಮ್ಯಾಲೆ ಇರ್ಲಿ," ಅಂದರು. ಆ ಮೇಲೆ ಆಕೆಯ ಉಗುರಿನ ಸಂದಿಯ ಬಿಳಿ ಹೋದದ್ದೇ ಇಲ್ಲ. ರೊಟ್ಟಿ ಬಡಿಯುವಾಗ ಅದು ಹಿಟ್ಟೋ ಪಾಲಿಶೋ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ತಡವಾಗಿ ಬರುವ ಕನ್ನಡ ಪೇಪರನ್ನು ನಾನು ಮಧ್ಯಾಹ್ನದ ಹೊತ್ತು ಕಾಕಾಗೆ ಓದಿ ಹೇಳುತ್ತಿದ್ದೆ. ಅವರ ಎದುರಿಗೆ ಮಣೆ ಹಾಕಿಕೊಂಡು, ಕಾರಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಅವರು ನನ್ನ ಭುಜದ ಮೇಲಿಂದ ಕಾರನ್ನು ನೋಡುತ್ತ ಕೇಳುತ್ತಿದ್ದರು. ಎಷ್ಟೋ ಸಲ ನೋಟ ಅಲ್ಲೇ ನೆಟ್ಟಿರುತ್ತಿತ್ತು. ನನಗೆ ಮರುಕ ಬರುತ್ತಿತ್ತು. ಇನ್ನೂ ಗಾಡಿಯ ಧ್ಯಾನ ಬಿಟ್ಟಿಲ್ಲವಲ್ಲ ಅಂತ.

ಖಂಡೇನವಮಿ ಬಂತು. ಮೊದಲೆಲ್ಲ ಆ ದಿನ ಕಾರಿನದೇ ಹಬ್ಬ. ಬಾನೆಟ್ಟಿಗೆ ಅರಿಶಿಣ ಕುಂಕುಮ, ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಕಾಕಾ ಕಾರು ಮುಂದಕ್ಕೆ ಬಿಟ್ಟರೆ ಅವು ಪಚಕ್ಕನೆ ಒಡೆಯಬೇಕು. ಓಣಿಯ ಮಕ್ಕಳನ್ನೂ ನಮ್ಮನ್ನೂ ತುಂಬಿಕೊಂಡು ಯೂನಿವರ್ಸಿಟಿಯ ಗೇಟಿನವರೆಗೆ ಹೋಗಿ ಬರುತ್ತಿದ್ದರು. ಬಂದವರೇ ಊಟಕ್ಕೂ ಮುಂಚೆ ಬಿಳಿ ಪಟ್ಟಿಗೆ ಸಿಡಿದ ನಿಂಬೆರಸ ತೊಳೆಯುತ್ತಿದ್ದರು.

ಆ ವರ್ಷ ಹೂವು, ಕುಂಕುಮ, ಕಾಯಿ, ಅಷ್ಟರಲ್ಲೇ ಮುಗಿಸೋಣ ಅಂತ ಕಾಕುವೇ ಹೇಳಿದ್ದರು. ಬೆಳಿಗ್ಗೆ ಗಾಲಿಗೆ ಎರಡು ಸಲ ಪಾಲಿಶ್ ಆಯಿತು. ಕಾಕಾಗೆ ಜರಿಯ ಶಲ್ಯ ಹೊದಿಸಿ ಖುರ್ಚಿಯಲ್ಲಿ ಕೂಡಿಸಿದೆವು. ಮಿಸ್ತ್ರಿಯೂ ಬಂದಿದ್ದ. ಪೂಜೆ ಮಾಡುತ್ತ ಮಾಡುತ್ತ, ಎಷ್ಟೋ ವರ್ಷದ ಕೈರೂಢಿ ನೋಡಿ, ಕಾಕು ತಾಟಿನಲ್ಲಿದ್ದ ನಿಂಬೆಹಣ್ಣನ್ನು ಮುಂದಿನ ಗಾಲಿಯ ಬುಡಕ್ಕೆ ಇಟ್ಟೇಬಿಟ್ಟರು! ಇಟ್ಟ ಮೇಲೆ ಆಕೆಗೆ ಗೊತ್ತಾಯಿತು. ಗಾಲಿಗೆ ಇಟ್ಟ ನಿಂಬೆಹಣ್ಣನ್ನು ವಾಪಸ್ ತೆಗೆಯುವಂತಿಲ್ಲ, ಅಪಶಕುನ. ಒಡೆಯಬೇಕಾದರೆ ಗಾಡಿ ಮುಂದೆ ಹೋಗಬೇಕು.

ಕಾಕಾ ಎಡಗೈ ಎತ್ತಿ ನಿಂಬೆಹಣ್ಣಿನ ಕಡೆ ತೋರಿಸಿದರು. "ಆತು?" ಅಂದರು. ಕೇಳುವ ದನಿ ಅದು.

ಮಿಸ್ತ್ರಿ ಬಾಗಿಲು ತೆಗೆದು ಒಳಗೆ ಹತ್ತಿ ಕೂತ. ಏನೋ ತಿರುವಿದ ಹಾಗೆ ಮಾಡಿ, "ಗಾಡಿ ಠಂಡಿ ಹೈ ಸಾಬ್," ಅಂದ. ಕಾಕಾನ ಕೈ ಇಳಿಯಲಿಲ್ಲ. ಅವನು ಹಾರ್ನ್ ಒತ್ತಿದ. ಪುಣ್ಯಾತ್ಮ, ಹಬ್ಬಕ್ಕೆಂದು ಅದಕ್ಕೊಂದು ಹಳೇ ಬ್ಯಾಟರಿ ಜೋಡಿಸಿಟ್ಟಿದ್ದ. ಪೋಂ ಅಂತ ಇಡೀ ಓಣಿಗೆ ಕೇಳುವ ಹಾಗೆ ಕೂಗಿತು. ಆ ಗದ್ದಲದಲ್ಲಿ ಕಾಕು ಗಾಲಿಗೆ ನಮಸ್ಕಾರ ಮಾಡುವವರ ಹಾಗೆ ಬಗ್ಗಿ, ನಿಂಬೆಹಣ್ಣನ್ನು ಅಂಗೈಯಿಂದ ಟಾಯರಿಗೆ ಒತ್ತಿ ಹಿಚುಕಿದರು. ಹಣ್ಣು ಒಡೆಯಿತು. ನಾನು, "ಆತ್ರಿ ಕಾಕಾ, ಒಡೀತು!" ಅಂತ ಚಪ್ಪಾಳೆ ತಟ್ಟಿದೆ. ನನ್ನವರೂ ತಟ್ಟಿದರು.

ರಸ ಹಸಿ ಪಾಲಿಶಿನ ಮೇಲೆ ಇಳಿಯಿತು. ಬಿಳಿ ಬಣ್ಣ ಹಾಲಿನ ಹಾಗೆ ಕರಗಿ ಬಂಡೆಯ ಮೇಲೆ ಹರಿದು, ಅದರ ಕೆಳಗಿದ್ದ ಕಂದು ಗೆರೆಯಾಗಿ ಕಂಡಿತು. ಕಾಕಾ ಅದನ್ನು ನೋಡಿದರು. ಕಾಕುವಿನ ಬಗ್ಗಿದ ಬೆನ್ನನ್ನು ನೋಡಿದರು. ಎತ್ತಿದ ಕೈಯನ್ನು ನಿಧಾನ ಇಳಿಸಿ, "ಆತು... ಆತು," ಅಂದರು.

ಬಚಾವಾದೆವು ಅಂದುಕೊಂಡು ನಾವು ಪೇಢೆ ಹಂಚಿದೆವು. ಕಾಕು ಮಾತ್ರ ಅಡುಗೆಮನೆಯಲ್ಲಿ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. "ಮದ್ಲ ಮಾರಸ್ದೆ. ಈಗ ಮೋಸಾ ಮಾಡಾಕತ್ತೀನಿ. ಖಂಡೇಪೂಜಿ ದಿವಸ ಗಂಡನ ಕಣ್ಣಾಗ ಮಣ್ಣು ಹಾಕಿದ್ನೆಲ್ಲ ತಂಗಿ." ನನಗೂ ಹಾರ್ನಿನ ಸದ್ದು ಕಿವಿಯಲ್ಲಿ ಕೊರೆಯುತ್ತಿತ್ತು. ನಾನೂ ತಟ್ಟಿದ್ದೆನಲ್ಲ ಚಪ್ಪಾಳೆ. ಮುಂದಿನ ವರ್ಷಗಳಲ್ಲಿ ಆಕೆ ನಿಂಬೆಹಣ್ಣನ್ನು ಮನೆಗೇ ತರಿಸಲಿಲ್ಲ. ಸಾರಿಗೂ ಹುಣಸೆಹಣ್ಣೇ.

ಹೀಗೇ ವರ್ಷಗಳು ಹೋದವು. ನನಗೆ ಮಗ ಹುಟ್ಟಿದ, ಶಾಲೆಗೂ ಸೇರಿದ. ಒಂದು ಬೇಸಿಗೆಯಲ್ಲಿ ಕಾಕಾ ನಿದ್ದೆಯಲ್ಲೇ ಹೋದರು. ದಿನಗಳೆಲ್ಲ ಮುಗಿದು, ಬಂದ ನೆಂಟರು ತಮ್ಮ ತಮ್ಮ ಊರಿಗೆ ಹೋದರು. ಮರುದಿನ ಬೆಳಿಗ್ಗೆ ಅದೇ ವಾಸನೆ ನಮ್ಮ ಕಿಟಕಿಯಿಂದ ಬಂತು.

ಹೊರಗೆ ಹೋಗಿ ನೋಡಿದರೆ ಕಾಕು ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪಾಲಿಶ್ ಬಳಿಯುತ್ತಿದ್ದಾರೆ. ಖುರ್ಚಿ ಖಾಲಿ. ನೋಡುವವರು ಯಾರಿದ್ದಾರೆ ಅಂತ ಬಳಿಯುವುದು? ಕೈಯಿಂದ ಬ್ರಷ್ಷು ಕಸಿದುಕೊಂಡೆ. "ಸಾಕ್ರಿ ಕಾಕು, ಇನ್ನ ಸಾಕು. ಮೊಣಕಾಲು ನೋಡ್ಕೋರಿ ಹೆಂಗ ಬಾತಾವ. ಬರ್ರಿ, ಇಲ್ಲಿ ಕುಂದರ್ರಿ."

ಹತ್ತಿರ ಇದ್ದದ್ದು ಆ ಖುರ್ಚಿಯೇ.

"ಅಯ್ಯ, ಅವರ ಖುರ್ಚಿವಾ. ನಾ ಯಾವಾಗ ಅದರಾಗ ಕುಂತೀನಿ?" ಅಂದರು. ನಿಜ. ಅಷ್ಟು ವರ್ಷಗಳಲ್ಲಿ ಆಕೆ ಅದರಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಕಾಕಾನಿಗೆ ಉಣಿಸುವಾಗಲೂ ನಿಂತೇ ಉಣಿಸುತ್ತಿದ್ದರು. ಆದರೆ ಅಂದು ನನಗೆ ಕನಿಕರ ಉಕ್ಕಿ ಬಂದಿತ್ತು ನೋಡಿ. ಭುಜ ಹಿಡಿದು, ಬಲವಂತ ಮಾಡಿ, ಆಕೆಯನ್ನು ಅದರಲ್ಲಿ ಕೂಡಿಸಿ, ಕಾಲು ಚಾಚಿಸಿ, "ಅಲ್ಲಾಡಬ್ಯಾಡ್ರಿ, ಚಹಾ ತರ್ತೀನಿ," ಅಂತ ಒಳಗೆ ಹೋದೆ.

ಚಹಾ ತಂದಾಗ ಕಾಕು ಒರಗಿದ ಹಾಗೇ ಇದ್ದರು. ಮುಖದಲ್ಲಿ ರಕ್ತ ಇರಲಿಲ್ಲ. "ತಂಗಿ, ಇಲ್ಲಿ ಬಾ. ತೆಳಗ ಕುಂದ್ರು. ನನ್ನ ತಲಿ ಸಮ ತಲಿ ಇಟ್ಟು ನೋಡು."

ಖುರ್ಚಿಯ ಪಕ್ಕ ನೆಲಕ್ಕೆ ಕೂತೆ. ಆಕೆಯ ತಲೆಗೆ ತಲೆ ತಾಗಿಸಿ ಬಂಡೆಯ ಕಡೆ ನೋಡಿದೆ. ಕಾರಿನ ಹೊಟ್ಟೆಯ ಕೆಳಗೆ, ಎರಡು ಬಿಳಿ ಗಾಲಿಗಳ ನಡುವೆ, ಆಚೆಯದೆಲ್ಲ ಬಯಲು. ಬೆಳಗಿನ ಬಿಸಿಲು ಕಂಪೌಂಡಿನ ಕಡೆಯಿಂದ ಬಿದ್ದು ಇಟ್ಟಂಗಿಗಳು ಕೆಂಪಗೆ, ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಒಂದರ ಮೇಲೆ ಓತಿಕ್ಯಾತ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

ಕಾರು ಎತ್ತರದಲ್ಲಿ, ಖುರ್ಚಿ ತಗ್ಗಿನಲ್ಲಿ. ನಾವಿಬ್ಬರೂ ಅಂದು ನಿಂತು ನೋಡಿದ್ದೆವು. ಗಂಡಸು ಕೂರುವ ಖುರ್ಚಿಯಲ್ಲಿ ಒಂದು ಗಳಿಗೆ ಕೂತು ನೋಡಬೇಕು ಅಂತ ಇಬ್ಬರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

"ಗೊತ್ತಿತ್ತು," ಅಂದರು ಕಾಕು. "ಖುರ್ಚಿಗೆ ಬಂದ ಮದ್ಲನೇ ದಿವಸಾನ ಗೊತ್ತಾಗೇತಿ." ಆಮೇಲೆ ನನ್ನನ್ನಲ್ಲ, ಗಾಲಿಯನ್ನು ಕೇಳುವವರ ಹಾಗೆ, "ಗೊತ್ತಿದ್ದೂ ನನ್ನ ಕೈಲೆ ತಿಕ್ಕಿಸಿದ್ರೋ... ಇಲ್ಲಾ ಗೊತ್ತಿದ್ದೂ ನನ್ನ ತಿಕ್ಕಾಕ ಬಿಟ್ರೋ?"

ಎರಡಕ್ಕೂ ಎಷ್ಟು ಅಂತರ! ಒಂದು ಶಿಕ್ಷೆ, ಒಂದು ಕರುಣೆ. ತಿಕ್ಕಲಿ, ಅದರಿಂದಲಾದರೂ ಇವಳ ಮನಸ್ಸು ಹಗುರಾಗಲಿ ಅಂತ ಸುಮ್ಮನಿದ್ದರೇ? ಹೆಣ ಅಂದೆಯಲ್ಲ, ಈಗ ಆ ಹೆಣವನ್ನೇ ದಿನಾ ತೊಳಿ ಅಂತ ಸುಮ್ಮನಿದ್ದರೇ? ಅವರ ಆತು ಅನ್ನುವ ಮಾತನ್ನು ನಾವು ಬೇಕಾದ ಕಡೆಗೆ ತಿರುಗಿಸಿಕೊಂಡು ವರ್ಷಗಟ್ಟಲೆ ನೆಮ್ಮದಿಯಿಂದಿದ್ದೆವು. ಈಗ ಅದೇ ಮಾತು ಎರಡೂ ಕಡೆ ತಿರುಗುತ್ತಿತ್ತು.

"ಬಿಟ್ರು ಕಾಕು. ತಿಕ್ಕಾಕ ಬಿಟ್ರು," ಅಂದೆ. ಏನು ಗೊತ್ತಿತ್ತು ನನಗೆ? ಮಣ್ಣು. ಅವರ ಕಣ್ಣೆದುರಿಗೆ ಕೂತು ಪೇಪರು ಓದಿದವಳು ನಾನು, ಒಂದು ದಿನವಾದರೂ ಆ ಕಣ್ಣು ಎಲ್ಲಿ ನೋಡುತ್ತಿದೆ ಅಂತ ತಿರುಗಿ ನೋಡಿದವಳಲ್ಲ.

ಕಾಕು ಚಹಾ ಕುಡಿಯಲಿಲ್ಲ. ಎದ್ದು, ಬಕೆಟ್ಟಿನ ನೀರನ್ನು ಗಿಡಕ್ಕೆ ಚೆಲ್ಲಿದರು. ಮತ್ತೆ ಬ್ರಷ್ಷು ಮುಟ್ಟಲಿಲ್ಲ. ನಾನು ಬಯಸಿದ್ದೂ ಅದನ್ನೇ ಅಲ್ಲವೇ? ಆದರೆ ಗಾಲಿ ತಿಕ್ಕುವಷ್ಟು ದಿನ ಆಕೆಯ ತಪ್ಪಿಗೆ ಒಂದು ಕೆಲಸ ಇತ್ತು. ಆಮೇಲೆ ಅದು ಕೆಲಸವಿಲ್ಲದೆ ಎದೆಯ ಮೇಲೆ ಕೂತಿತು. ಊಟ ಕಡಿಮೆಯಾಯಿತು, ನನ್ನನ್ನು ಕಾಡಿಸುವುದೂ ನಿಂತಿತು. ಮಳೆಗಾಲ ಬರುವಷ್ಟರಲ್ಲಿ ಪಟ್ಟಿ ಎರಡೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮಿಸ್ತ್ರಿ ಬಂದು ಉಳಿದದ್ದನ್ನು ಲಾರಿಗೆ ಏರಿಸಿಕೊಂಡು ಹೋದ. ಇಟ್ಟಂಗಿಗಳು ಬಂಡೆಯ ಮೇಲೆ ಹಾಗೇ ಉಳಿದವು. ತೆಗೆಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಕೊನೆಗೆ ಆಕೆಯ ತವರಿನವರು ಬಂದು ಕರೆದುಕೊಂಡು ಹೊರಟರು. ನಾಂಪಲ್ಲಿ ಸ್ಟೇಷನ್ನಿಗೆ ನಾವು ಹೋಗಿದ್ದೆವು. ರೈಲಿನ ಕಿಟಕಿಯ ಸರಳಿನೊಳಗಿಂದ ನನ್ನ ಕೈ ಹಿಡಿದುಕೊಂಡು, "ಅವತ್ತು ಬಿಟ್ರು ಅಂದೆಲ್ಲ ತಂಗಿ... ಖರೇನ ಹಂಗ ಅನಸ್ತೈತೇನು?" ಅಂದರು. ಅಷ್ಟು ತಿಂಗಳು ಅದನ್ನೇ ಇಟ್ಟುಕೊಂಡು ಕೂತಿದ್ದರು. "ಖರೇನರಿ ಕಾಕು," ಅಂದೆ. ಆಕೆ ನನ್ನ ಮುಖವನ್ನೇ ನೋಡಿದರು. ಕಾಕಾ ನಿಂಬೆಹಣ್ಣು ನೋಡಿದರಲ್ಲ, ಹಾಗೆ. ಆಮೇಲೆ ಕೈ ಬಿಟ್ಟು, "ಆತು," ಅಂದರು.

ಮತ್ತೆ ನೋಡಲಿಲ್ಲ. ಹೋದ ಸುದ್ದಿಯೂ ತಡವಾಗಿ, ಒಂದು ಮದುವೆಯ ಪಂಕ್ತಿಯಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ ಯಾರದೋ ಬಾಯಿಂದ ಬಂತು. ತಾರ್ನಾಕದ ಆ ಮನೆ ಈಗಿಲ್ಲ. ಬಂಡೆಯನ್ನೂ ಒಡೆಸಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ಆಕೆಗೆ ಕೆಟ್ಟದ್ದು ಮಾಡಬೇಕು ಅಂತ ನಾನು ಯಾವತ್ತೂ ಅಂದುಕೊಂಡವಳಲ್ಲ. ದಣಿದಿದ್ದೀರಿ, ಕೂಡ್ರಿ ಅಂದೆ, ಅಷ್ಟೇ. ಆದರೂ ಯಾರಿಗಾದರೂ ಖುರ್ಚಿ ಎಳೆದುಕೊಡುವಾಗ ಇವತ್ತಿಗೂ ನನ್ನ ಕೈ ಹಿಂಜರಿಯುತ್ತದೆ. ಆ ಖುರ್ಚಿ ಒಂದನ್ನು ಬಿಟ್ಟು ಎಲ್ಲಿ ಕೂಡಿಸಿದ್ದರೂ ನಡೆಯುತ್ತಿತ್ತು...

"ಅಜ್ಜಿ, ಆತೇನು?" ಮೊಮ್ಮಗಳು ಒಳಗಿನಿಂದ ಕೂಗಿದಳು. ತೆಲುಗು, ಇಂಗ್ಲಿಷಿನ ನಡುವೆ ಅವಳಿಗೆ ಉಳಿದಿರುವ ನಾಲ್ಕಾರು ಕನ್ನಡ ಮಾತುಗಳಲ್ಲಿ ಅದೂ ಒಂದು.

ಹೇಳಬೇಕಾದದ್ದು ಒಂದೇ ಮಾತು. ನಾನು ಮತ್ತೆ ಬೂಟಿಗೆ ಪಾಲಿಶ್ ಹಚ್ಚಿದೆ.

"ಇನ್ನಾ ಇಲ್ಲವಾ," ಅಂದೆ. ಬೂಟು ಯಾವಾಗಲೋ ಬೆಳ್ಳಗಾಗಿದ್ದವು.